ತುತ್ತು ಮತ್ತು ಬಾಯಿ: ಗುಜರಾತಿನ ಮೂರು ನಗರಗಳಲ್ಲಿ ಮುಪ್ಪಿನ ಆರೈಕೆ

ಅಶಕ್ತ ಜೀವಕ್ಕೆ ನೆಲೆ ಕೊಡುವ ಸಂಪ್ರದಾಯ ಗುಜರಾತಿನ ವರ್ತಕ ನಗರಗಳಲ್ಲಿ ಬಹಳ ಹಳೆಯದಾದರೂ, ಆ ಆರೈಕೆಯ ನಡುವೆ ಇದ್ದದ್ದು ತುತ್ತೇ ಹೊರತು ತುತ್ತನ್ನು ಅಗಿದು ನುಂಗಬೇಕಾದ ಬಾಯಿಯಲ್ಲ. ಸೂರತ್ತಿನ ವಣಿಕರು ನಡೆಸುತ್ತಿದ್ದ ಪ್ರಾಣಿಗಳ ಆಸ್ಪತ್ರೆಯನ್ನು ವರ್ಣಿಸಿದ ಈಸ್ಟ್ ಇಂಡಿಯಾ ಕಂಪನಿಯ ನೌಕರ ಜೇಮ್ಸ್ ಫೋರ್ಬ್ಸ್, 1772ರಲ್ಲಿ ಅಲ್ಲಿ 75 ವರ್ಷಗಳಿಂದ ಆಶ್ರಯ ಪಡೆದಿದ್ದ ಆಮೆಯೊಂದನ್ನು ಹೆಸರಿಸುತ್ತಾನೆ. ಅಹಮದಾಬಾದಿನ ಪಾಂಜರಾಪೋಳ, ಅಂದರೆ ದುಡಿಯಲಾರದ ದನಕರುಗಳ ಆಶ್ರಯ, ಮಹಾಜನ ಎಂಬ ವರ್ತಕ ಸಂಘಗಳ ದೇಣಿಗೆಯಿಂದ ಬೆಳೆಯಿತು. ಮುದುಕರಾದರೋ ಪೋಳ್ ಎಂಬ ಹೆಬ್ಬಾಗಿಲಿನ ಓಣಿಗಳೊಳಗಿನ ಕೂಡುಕುಟುಂಬಗಳಲ್ಲೇ ಉಳಿದರು. ಸೂರತ್ತಿನ ಅಶಕ್ತಾಶ್ರಮದಂಥ ಸಂಸ್ಥೆಗಳೂ, ‘ಘರಡಾಘರ್’ ಎಂದು ಜನ ಕರೆಯುವ ವೃದ್ಧಾಶ್ರಮಗಳೂ ಅನಂತರದವು.

ಬಾಯಿಯ ಶುಚಿ ಮಾತ್ರ ಅವರವರ ಕೈಯ ಕೆಲಸವಾಗಿತ್ತು. ದಾತಣ ಎಂದರೆ ಜಾಲಿಯ ಅಥವಾ ಬೇವಿನ ಹಸಿ ಕಡ್ಡಿ; ಅದರ ತುದಿಯನ್ನು ನಾರು ಬಿಡುವವರೆಗೆ ಅಗಿದು, ಹಲ್ಲುಜ್ಜಿ, ಬಳಿಕ ಅದೇ ಕಡ್ಡಿಯನ್ನು ಉದ್ದಕ್ಕೆ ಸೀಳಿ ನಾಲಗೆ ಹೆರೆದು ಎಸೆಯುವುದು ರೂಢಿ. ಇದಕ್ಕೆ ಗಟ್ಟಿ ಹಲ್ಲು, ಬಲವುಳ್ಳ ದವಡೆ, ನಡುಗದ ಕೈ ಮೂರೂ ಬೇಕು. ದುರ್ಬಲರು, ಕೆಮ್ಮು ಉಬ್ಬಸಗಳಿರುವವರು, ಅರ್ದಿತ ಎಂದರೆ ಮುಖ ಸೊಟ್ಟಗಾಗುವ ವಾತರೋಗ ಬಡಿದವರು ಹಲ್ಲುಕಡ್ಡಿ ಬಳಸಬಾರದೆಂದು ಸುಶ್ರುತ ಸಂಹಿತೆ ವಿಧಿಸಿದೆ; ಇಂದು ನುಂಗುವ ತೊಂದರೆಯನ್ನು ಮೊದಲು ಶಂಕಿಸಬೇಕಾದವರೂ ಬಹುಮಟ್ಟಿಗೆ ಇವರೇ ಎಂಬುದು ಗಮನಾರ್ಹ. ಕಡ್ಡಿ ಕೈಬಿಟ್ಟವರ ಬಾಯಿಯನ್ನು ಇನ್ನೊಬ್ಬರು ಶುಚಿಗೊಳಿಸುವ ರೂಢಿ ದಾತಣದಷ್ಟು ಆಳವಾಗಿ ಬೇರೂರಲಿಲ್ಲ. ಇದರ ಮೇಲೆ, ಅಡಿಕೆ, ತಂಬಾಕು, ಸುಣ್ಣ ಬೆರೆಸಿದ ‘ಮಾವಾ’ದ ಚಟ ಸೇರಿತು; ಅಡಿಕೆಯಿಂದ ಬಾಯಿಯ ಒಳಪದರ ನಾರುಗಟ್ಟಿ ಬಿಗಿದಾಗ ಚಮಚೆ ಹೋಗುವಷ್ಟೂ ಬಾಯಿ ತೆರೆಯದ ಸ್ಥಿತಿ ಬರಬಹುದು. ಗುಜರಾತ್ ಸರ್ಕಾರ 2012ರಲ್ಲಿ ಇದೇ ಬಗೆಯ ಸಿದ್ಧ ಮಿಶ್ರಣವಾದ ಗುಟ್ಕಾವನ್ನು ನಿಷೇಧಿಸುವ ವೇಳೆಗೆ ಒಂದು ತಲೆಮಾರು ಆ ಚಟದೊಂದಿಗೇ ಮುಪ್ಪಿನತ್ತ ಸಾಗಿತ್ತು.

ವಡೋದರಾದಲ್ಲಿ ಆಹಾರ ಶಾಸ್ತ್ರವಾಯಿತು. 1949ರಲ್ಲಿ ಆರಂಭವಾದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯ, ಉಪಕುಲಪತಿ ಹಂಸಾ ಮೆಹ್ತಾ ಅವರ ಕಾಲದಲ್ಲಿ, 1950ರಲ್ಲಿ ಗೃಹವಿಜ್ಞಾನ ವಿಭಾಗವನ್ನು ತೆರೆದು ಪೋಷಣೆಯನ್ನು ವಿದ್ವತ್ತಿನ ವಿಷಯವಾಗಿಸಿತು. ನುಂಗುವ ಕ್ರಿಯೆಯ ಚಿಕಿತ್ಸೆಯಾದರೋ ವಾಕ್‌ಚಿಕಿತ್ಸಕರ ಪಾಲಿಗೆ ಬಂದಿತು. ಆ ವೃತ್ತಿಯ ಶಿಕ್ಷಣಕ್ಕೆ ಭಾರತದಲ್ಲಿ ಬುನಾದಿ ಹಾಕಿದ ಸಂಸ್ಥೆಗಳಲ್ಲಿ 1965ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಪ್ರಮುಖವಾದುದು.

ಮುದುಕರಿಗೆ ಹಿತವೆಂದು ಗುಜರಾತಿ ಮನೆಗಳು ನಂಬಿದ ರಾತ್ರಿಯೂಟ ಖಿಚಡಿ-ಕಢಿ. ಮೆತ್ತಗೆ ಬೆಂದ ಖಿಚಡಿ ಸ್ವತಃ ಒಳ್ಳೆಯದೇ. ಆದರೆ ಅದರ ಮೇಲೆ ತೆಳುವಾದ ಮಜ್ಜಿಗೆಯ ಕಢಿ ಸುರಿದಾಗ, ಅಗಿಯುವ ಮೊದಲೇ ದ್ರವ ಗಂಟಲಿಗೆ ಜಾರಿ, ಕಾಳು ಬಾಯಲ್ಲೇ ಉಳಿದು, ದುರ್ಬಲ ಗಂಟಲಿನವರಲ್ಲಿ ದ್ರವ ಶ್ವಾಸನಾಳಕ್ಕೆ ಇಳಿಯುವ ಅಪಾಯವಿದೆ. ಅದರೊಂದಿಗೆ ಕೊಳಕು ಬಾಯಿಯ ಸೂಕ್ಷ್ಮಾಣುಗಳೂ ಇಳಿದರೆ ನ್ಯುಮೋನಿಯಾ ಬರಬಹುದು. ಜಪಾನಿನ 11 ಶುಶ್ರೂಷಾಲಯಗಳಲ್ಲಿ ಎರಡು ವರ್ಷ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬಾಯಿಯ ಆರೈಕೆ ದೊರೆಯದ ಗುಂಪಿನ ಶೇ. 19 ಮಂದಿಗೆ ನ್ಯುಮೋನಿಯಾ ಬಂದರೆ, ಆರೈಕೆ ದೊರೆತವರಲ್ಲಿ ಅದು ಶೇ. 11 ಮಾತ್ರವಾಗಿತ್ತು.

ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಕುರಿತ 2007ರ ಕಾಯ್ದೆ ಪ್ರತಿ ಜಿಲ್ಲೆಯಲ್ಲೂ ಕನಿಷ್ಠ 150 ನಿರ್ಗತಿಕ ವೃದ್ಧರಿಗೆ ಆಶ್ರಯಧಾಮದ ಮಾತನ್ನಾಡುತ್ತದೆ. ಅಲ್ಲಿ ಬೇಕಾದದ್ದು ದುಬಾರಿ ಯಂತ್ರಗಳಲ್ಲ: ಊಟಕ್ಕೆ ಮೊದಲು ನೇರವಾಗಿ ಕೂರಿಸುವುದು, ಕಢಿಯನ್ನು ಬೇರೆ ಬಟ್ಟಲಿಗೆ ತೆಗೆದು ಗಟ್ಟಿಗೊಳಿಸುವುದು, ಊಟವಾದ ಮೇಲೆ ಬೆರಳಿಗೆ ಒದ್ದೆ ಬಟ್ಟೆ ಸುತ್ತಿ ಕೆನ್ನೆಯ ಒಳಗೆ ಅಂಟಿಕೊಂಡ ಅಗುಳನ್ನು ತೆಗೆಯುವುದು, ರಾತ್ರಿ ಕಟ್ಟುಹಲ್ಲನ್ನು ಕಳಚಿ ತೊಳೆದು ನೀರಿನಲ್ಲಿಡುವುದು.