ಗಲ್ಫ್‌ಗೆ ಲ್ಯಾಪ್‌ಟಾಪ್ ಹಿಡ್ಕೊಂಡು ಹೋಗ್ತಿದ್ದೀರಾ? ಬಜ್ಪೆಯಲ್ಲಿ ಬ್ಯಾಗ್ ಕೊಡುವ ಮೊದಲು ಇಷ್ಟು ಗೊತ್ತಿರಲಿ

ಮಂಗಳೂರು: ಕರಾವಳಿಯಿಂದ ದುಬೈ, ಅಬುಧಾಬಿ, ದಮ್ಮಾಮ್, ಮಸ್ಕತ್ ಕಡೆಗೆ ವಿಮಾನ ಹತ್ತುವವರ ಬ್ಯಾಗ್‌ನಲ್ಲಿ ಉಪ್ಪಿನಕಾಯಿ, ಹಪ್ಪಳ, ಕುಚ್ಚಲಕ್ಕಿ ಇರೋದು ಹಳೇ ವಿಷಯ. ಈಗ ಅದರ ಜೊತೆ ಲ್ಯಾಪ್‌ಟಾಪ್ ಕೂಡ ಇರುತ್ತದೆ. ಕೆಲಸ ಹುಡುಕಲು ಹೋಗುವವರ ಬಯೋಡೇಟಾ, ಮಾರ್ಕ್ಸ್‌ಕಾರ್ಡ್‌ಗಳ ಸ್ಕ್ಯಾನ್, ವೀಸಾ ಕಾಗದ, ಬ್ಯಾಂಕ್ ವಿವರ ಎಲ್ಲವೂ ಅದರಲ್ಲೇ ಉಂಟು. ಹಾಗಾಗಿ ಪರವೂರಲ್ಲಿ ಅದು ಕಳೆದರೆ ಅಥವಾ ಲಾಕ್ ಆಗಿ ಕೂತರೆ ಹೋಗೋದು ಬರೀ ಲ್ಯಾಪ್‌ಟಾಪ್ ದುಡ್ಡಲ್ಲ, ಇಂಟರ್‌ವ್ಯೂ ಕೂಡ ಹೋಗಬಹುದು. ಮೊದಲ ಸಲ ಹೊರಡುವವರು ತಿಳ್ಕೊಂಡಿರಬೇಕಾದ ಮುಖ್ಯ ವಿಷಯಗಳು ಇಲ್ಲಿವೆ.

ಕೈಚೀಲದಲ್ಲೋ, ಲಗೇಜ್‌ನಲ್ಲೋ?

ಲ್ಯಾಪ್‌ಟಾಪ್ ಕೈಚೀಲದಲ್ಲೇ ಇರಲಿ. ಅದರೊಳಗಿನ ಲಿಥಿಯಂ ಬ್ಯಾಟರಿಗೆ ಅಪರೂಪಕ್ಕೆ ಬೆಂಕಿ ಹತ್ತಿಕೊಳ್ಳುವುದುಂಟು. ಕ್ಯಾಬಿನ್‌ನಲ್ಲಿ ಹೊಗೆ ಬಂದರೆ ಸಿಬ್ಬಂದಿಗೆ ಕೂಡಲೇ ಗೊತ್ತಾಗುತ್ತದೆ, ಕೆಳಗೆ ಲಗೇಜ್ ತುಂಬಿದ ಜಾಗದಲ್ಲಾದರೆ ಕೈ ಹಾಕಲಿಕ್ಕೂ ಆಗುವುದಿಲ್ಲ. ಅನಿವಾರ್ಯವಾಗಿ ಲಗೇಜ್‌ಗೆ ಹಾಕಲೇಬೇಕಾದರೆ ಪೂರ್ತಿ ಶಟ್‌ಡೌನ್ ಮಾಡಿ, ಒತ್ತಡ ಬೀಳದ ಹಾಗೆ ಬಟ್ಟೆ ನಡುವೆ ಇಡಿ. ಸುಮ್ಮನೆ ಮುಚ್ಚಿಟ್ಟು ಸ್ಲೀಪ್‌ನಲ್ಲಿ ಬಿಡಬಾರದು.

ಪವರ್ ಬ್ಯಾಂಕ್ ಮತ್ತು ಬಿಡಿ ಬ್ಯಾಟರಿ ಮಾತ್ರ ಲಗೇಜ್‌ಗೆ ಹಾಕುವ ಹಾಗೇ ಇಲ್ಲ. ಅವು ಕೈಚೀಲದಲ್ಲೇ ಹೋಗಬೇಕು. 100 ವ್ಯಾಟ್-ಅವರ್‌ವರೆಗೆ ಅನುಮತಿ ಬೇಡ, 100ರಿಂದ 160ರವರೆಗೆ ಏರ್‌ಲೈನ್ಸ್ ಒಪ್ಪಿಗೆ ಬೇಕು, 160 ದಾಟಿದರೆ ಬಿಡುವುದಿಲ್ಲ. ಲೆಕ್ಕ ಸುಲಭ: ಎಂಎಎಚ್ ಅನ್ನು 3.7ರಿಂದ ಗುಣಿಸಿ 1000ದಿಂದ ಭಾಗಿಸಿ. 20,000 ಎಂಎಎಚ್ ಪವರ್ ಬ್ಯಾಂಕ್ ಅಂದರೆ 74 ವ್ಯಾಟ್-ಅವರ್, ತೊಂದರೆ ಇಲ್ಲ. 30,000 ಆದರೆ 111, ಒಪ್ಪಿಗೆ ಬೇಕು. ಮಾಮೂಲಿ ಲ್ಯಾಪ್‌ಟಾಪ್‌ಗಳ ಬ್ಯಾಟರಿ 100ರ ಒಳಗೇ ಇರುತ್ತದೆ.

2025ರ ಜನವರಿಯಲ್ಲಿ ದಕ್ಷಿಣ ಕೊರಿಯಾದ ಬುಸಾನ್‌ನಲ್ಲಿ ನಿಂತಿದ್ದ ವಿಮಾನಕ್ಕೆ ಬೆಂಕಿ ಬಿತ್ತು. ಪವರ್ ಬ್ಯಾಂಕ್ ಕಾರಣ ಇರಬಹುದು ಎಂಬ ಸಂಶಯ ಬಂದ ಮೇಲೆ ಹಲವು ಏರ್‌ಲೈನ್ಸ್‌ಗಳು ನಿಯಮ ಬಿಗಿ ಮಾಡಿವೆ. ಎಮಿರೇಟ್ಸ್ 2025ರ ಅಕ್ಟೋಬರ್ 1ರಿಂದ ಒಬ್ಬರಿಗೆ ಒಂದೇ ಪವರ್ ಬ್ಯಾಂಕ್ ಬಿಡುತ್ತದೆ, ಅದನ್ನೂ ವಿಮಾನದೊಳಗೆ ಬಳಸುವ ಹಾಗಿಲ್ಲ. ಹಾಗಾಗಿ ಲ್ಯಾಪ್‌ಟಾಪ್ ಮತ್ತು ಫೋನ್ ಮನೆಯಲ್ಲೇ ಫುಲ್ ಚಾರ್ಜ್ ಮಾಡಿಕೊಂಡು ಹೊರಡಿ.

ಕೈಚೀಲದ ಮಿತಿ ಹೆಚ್ಚಿನ ಕಡೆ 7 ಕೆ.ಜಿ. ಲ್ಯಾಪ್‌ಟಾಪ್ ಬ್ಯಾಗ್ ಆ 7ರೊಳಗೇ ಲೆಕ್ಕವೋ, ಬೇರೆಯೋ ಅನ್ನೋದನ್ನು ಟಿಕೆಟ್‌ನಲ್ಲಿ ಓದಿ ನೋಡಿ. ಕೌಂಟರ್ ಎದುರು ಬ್ಯಾಗ್ ಬಿಚ್ಚಿ ಉಪ್ಪಿನಕಾಯಿ ಅತ್ತಿತ್ತ ಮಾಡುವ ಕೆಲಸ ತಪ್ಪುತ್ತದೆ. ಸೆಕ್ಯುರಿಟಿ ತಪಾಸಣೆಯಲ್ಲಿ ಲ್ಯಾಪ್‌ಟಾಪ್ ಹೊರಗೆ ತೆಗೆದು ಟ್ರೇಯಲ್ಲಿ ಬೇರೆ ಇಡಬೇಕು. ಆಚೆ ಬದಿಯಲ್ಲಿ ಟ್ರೇಯಿಂದ ಎತ್ತಿಕೊಳ್ಳಲು ಮರೆಯಬೇಡಿ.

"ನಮ್ಮ ಹುಡುಗನಿಗೂ ಒಂದು ತನ್ನಿ"

ಊರಿಗೆ ವಾಪಸ್ ಬರುವಾಗ ಇದು ಎಲ್ಲರಿಗೂ ಬರುವ ಫೋನ್. ಇಲ್ಲಿ ಕಸ್ಟಮ್ಸ್ ನಿಯಮ ಸ್ಪಷ್ಟ ಇದೆ: 18 ವರ್ಷ ತುಂಬಿದ ಒಬ್ಬ ಪ್ರಯಾಣಿಕ ಒಂದು ಲ್ಯಾಪ್‌ಟಾಪ್ ಅನ್ನು ಸುಂಕ ಇಲ್ಲದೆ ತರಬಹುದು. ಇತರ ಸಾಮಾನಿಗೆ ಇರುವ ವಿನಾಯಿತಿ ಮಿತಿಗೆ ಇದು ಸೇರುವುದಿಲ್ಲ. ಆದರೆ ಎರಡನೇ ಲ್ಯಾಪ್‌ಟಾಪ್ ಇದ್ದರೆ ಅದರ ಬೆಲೆ ಆ ಮಿತಿಗೆ ಸೇರುತ್ತದೆ. ಮಿತಿ ದಾಟಿದರೆ ರೆಡ್ ಚಾನೆಲ್‌ನಲ್ಲಿ ಹೋಗಿ ಹೇಳಿ ಸುಂಕ ಕಟ್ಟಬೇಕು. ಅಂದರೆ ಇಲ್ಲಿಂದ ನಿಮ್ಮ ಹಳೇ ಲ್ಯಾಪ್‌ಟಾಪ್ ಒಯ್ದು, ಬರುವಾಗ ಭಾವನ ಮಗನಿಗೆ ಹೊಸದೊಂದು ತಂದರೆ ಕೈಯಲ್ಲಿ ಎರಡಾಯಿತು.

ಹಳೆಯದು ಇಲ್ಲಿಂದಲೇ ಹೋದದ್ದು ಅಂತ ತೋರಿಸಲು ದಾರಿ ಇದೆ. ಹೊರಡುವಾಗಲೇ ವಿಮಾನ ನಿಲ್ದಾಣದ ಕಸ್ಟಮ್ಸ್ ಅಧಿಕಾರಿಗೆ ತೋರಿಸಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿಕೊಳ್ಳಬಹುದು. ದುಬಾರಿ ಲ್ಯಾಪ್‌ಟಾಪ್, ಕ್ಯಾಮರಾ ಇರುವವರು ಇದಕ್ಕೆ ಸ್ವಲ್ಪ ಬೇಗ ಹೋಗುವುದು ಒಳ್ಳೇದು. ಬಿಲ್ ಮತ್ತು ಸೀರಿಯಲ್ ನಂಬರಿನ ಫೋಟೋ ಫೋನಲ್ಲಿರಲಿ. ಕಂಪನಿ ಲ್ಯಾಪ್‌ಟಾಪ್ ಆದರೆ ನಿಮ್ಮ ಹೆಸರು, ಸೀರಿಯಲ್ ನಂಬರ್ ಇರುವ ಪತ್ರ ಕಂಪನಿಯಿಂದ ತಗೊಳ್ಳಿ.

ಇದರ ಉಲ್ಟಾ ಕೂಡ ನಡೆಯುತ್ತದೆ. "ನನ್ನ ತಮ್ಮ ದುಬೈಯಲ್ಲಿದ್ದಾನೆ, ಇದೊಂದು ಲ್ಯಾಪ್‌ಟಾಪ್ ಕೊಟ್ಟುಬಿಡಿ ಮಾರಾಯ್ರೆ" ಅಂತ ಹೊರಡುವ ಹೊತ್ತಿಗೆ ಕೈಗೆ ಕೊಡುತ್ತಾರೆ. ದಾಕ್ಷಿಣ್ಯಕ್ಕೆ ಹೂಂ ಅನ್ನುವ ಮೊದಲು ಯೋಚಿಸಿ. ಆನ್ ಮಾಡಿ ತೋರಿಸಿ ಅಂದರೆ ಪಾಸ್‌ವರ್ಡ್ ನಿಮಗೆ ಗೊತ್ತಿಲ್ಲ. ಒಳಗೆ ಏನುಂಟು ಅಂತಲೂ ಗೊತ್ತಿಲ್ಲ. ಆದರೆ ಬ್ಯಾಗ್ ಯಾರ ಕೈಯಲ್ಲಿದೆಯೋ ಪ್ರಶ್ನೆ ಅವರಿಗೇ.

ಒಳಗೆ ಏನಿದೆ ಅನ್ನೋದೂ ಮುಖ್ಯ

ಅಶ್ಲೀಲ ಚಿತ್ರ, ವಿಡಿಯೊಗಳಿಗೆ ಗಲ್ಫ್ ದೇಶಗಳಲ್ಲಿ ನಿಷೇಧ ಇದೆ. ಊರಲ್ಲಿ ಫ್ರೆಂಡ್ಸ್ ಪೆನ್‌ಡ್ರೈವ್‌ನಿಂದ ಕಾಪಿ ಆದ ಹಳೇ ಫೋಲ್ಡರ್‌ಗಳು, ಧರ್ಮವನ್ನು ಹಂಗಿಸುವ ವಾಟ್ಸಾಪ್ ಫಾರ್ವರ್ಡ್‌ಗಳು ಇದ್ದರೆ ಹೊರಡುವ ಮೊದಲೇ ಅಳಿಸಿಬಿಡಿ. ಅಮೆರಿಕಕ್ಕೆ ಹೋಗುವವರೂ ತಿಳಿದಿರಲಿ, ಅಲ್ಲಿನ ಗಡಿ ಅಧಿಕಾರಿಗಳಿಗೆ ಫೋನ್, ಲ್ಯಾಪ್‌ಟಾಪ್ ತೆರೆದು ನೋಡುವ ಅಧಿಕಾರ ಇದೆ.

ಯುಎಇಯಲ್ಲಿ ವಾಟ್ಸಾಪ್ ಮೆಸೇಜ್ ಹೋಗುತ್ತದೆ, ಆದರೆ ವಾಟ್ಸಾಪ್ ಕಾಲ್‌ಗೆ ನಿರ್ಬಂಧ ಇದೆ. ಮನೆಗೆ ಕಾಲ್ ಮಾಡಬೇಕು ಅಂತ ಹುಡುಗರು ಯಾವ್ಯಾವುದೋ ಫ್ರೀ ವಿಪಿಎನ್ ಹಾಕಿಕೊಳ್ಳುತ್ತಾರೆ. ಅಲ್ಲಿನ ಸೈಬರ್ ಅಪರಾಧ ಕಾನೂನು, ಅಂದರೆ 2021ರ 34ನೇ ಫೆಡರಲ್ ಕಾನೂನಿನ ಪ್ರಕಾರ, ಅಪರಾಧ ಮಾಡಲು ಅಥವಾ ಅದನ್ನು ಮುಚ್ಚಿಡಲು ಐಪಿ ವಿಳಾಸ ಮರೆಮಾಚಿದರೆ 5 ಲಕ್ಷದಿಂದ 20 ಲಕ್ಷ ದಿರ್ಹಮ್‌ವರೆಗೆ ದಂಡ, ಜೈಲೂ ಆಗಬಹುದು. ಕಂಪನಿಯವರು ಆಫೀಸ್ ಕೆಲಸಕ್ಕೆ ಕೊಡುವ ವಿಪಿಎನ್ ಬೇರೆ ವಿಷಯ. ಕಾಲ್ ಮಾಡಲಿಕ್ಕೆ ಅಲ್ಲಿ ಅನುಮತಿ ಇರುವ ಆ್ಯಪ್ ಯಾವುದು ಅಂತ ಅಲ್ಲಿರುವವರನ್ನೇ ಕೇಳಿಕೊಳ್ಳಿ.

ಪ್ಲಗ್ ಹಾಕುವ ಮುಂಚೆ

ಯುಎಇ, ಕತಾರ್, ಒಮಾನ್, ಕುವೈತ್, ಬಹ್ರೇನ್, ಸೌದಿಯಲ್ಲಿ ಬ್ರಿಟನ್ ಮಾದರಿಯ ಚಪ್ಪಟೆ ಮೂರು ಪಿನ್‌ನ ಸಾಕೆಟ್. ನಮ್ಮ ದುಂಡು ಪಿನ್ ಕೂರುವುದಿಲ್ಲ, ಅಡಾಪ್ಟರ್ ಬೇಕು. ಚಾರ್ಜರ್ ಮೇಲೆ 'ಇನ್‌ಪುಟ್ 100-240 ವೋಲ್ಟ್, 50/60 ಹರ್ಟ್ಸ್' ಅಂತ ಇದ್ದರೆ ಯಾವ ದೇಶದಲ್ಲೂ ನಡೆಯುತ್ತದೆ, ಪಿನ್ ಮಾತ್ರ ಬದಲಾಗಬೇಕು. ಅಮೆರಿಕದ 120 ವೋಲ್ಟ್‌ಗೂ ಅದೇ ಚಾರ್ಜರ್ ಸಾಕು. ಜೊತೆಗೆ ಒಯ್ದ ಊರಿನ ಮಿಕ್ಸಿ ಮಾತ್ರ ಅಲ್ಲಿ ಸರಿಯಾಗಿ ತಿರುಗುವುದಿಲ್ಲ.

ಕಳೆದುಹೋದರೆ?

ಫೋನ್‌ನ ಹಾಗೆ ಲ್ಯಾಪ್‌ಟಾಪ್‌ಗೆ ಐಎಂಇಐ ನಂಬರ್ ಇರುವುದಿಲ್ಲ. ಆದ್ದರಿಂದ ಮೊದಲೇ ಮಾಡಿಡಬೇಕಾದ ಕೆಲಸ ಇಷ್ಟು:

- ಸರ್ಟಿಫಿಕೇಟ್, ಪಾಸ್‌ಪೋರ್ಟ್, ವೀಸಾ ಪ್ರತಿಗಳನ್ನು ಇಮೇಲ್ ಅಥವಾ ಡ್ರೈವ್‌ನಲ್ಲೂ ಇಡಿ. ಮನೆಯವರ ಹತ್ತಿರವೂ ಒಂದು ಪ್ರತಿ ಇರಲಿ.
- ಹೊಸ ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ತಾನಾಗಿಯೇ ಎನ್‌ಕ್ರಿಪ್ಟ್ ಆಗಿರಬಹುದು. ಒಮ್ಮೊಮ್ಮೆ ಆನ್ ಮಾಡುವಾಗ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಅದನ್ನು ನೋಡಿ ಕಾಗದದಲ್ಲಿ ಬರೆದಿಟ್ಟುಕೊಳ್ಳಿ, ಆದರೆ ಆ ಕಾಗದ ಲ್ಯಾಪ್‌ಟಾಪ್ ಬ್ಯಾಗ್‌ನಲ್ಲಿ ಬೇಡ.
- 'ಫೈಂಡ್ ಮೈ ಡಿವೈಸ್' ಆನ್ ಮಾಡಿ.
- ಬ್ಯಾಂಕ್ ಒಟಿಪಿ ಊರಿನ ಸಿಮ್‌ಗೇ ಬರುತ್ತದೆ. ರೋಮಿಂಗ್ ಆನ್ ಮಾಡಿಸದೆ ಸಿಮ್ ತೆಗೆದಿಟ್ಟರೆ ಇಮೇಲ್ ಲಾಗಿನ್ ಕೂಡ ಕಷ್ಟ. ಗೂಗಲ್ ಅಕೌಂಟ್‌ನ ಬ್ಯಾಕಪ್ ಕೋಡ್‌ಗಳನ್ನು ಬರೆದಿಟ್ಟುಕೊಳ್ಳಿ.
- ವಾರಂಟಿ ಭಾರತಕ್ಕೆ ಮಾತ್ರವೋ, ಹೊರಗೂ ಇದೆಯೋ ನೋಡಿ.

ಕಳೆದ ಮೇಲೆ ಅಲ್ಲಿನ ಪೊಲೀಸರಿಗೆ ದೂರು ಕೊಟ್ಟು ಪ್ರತಿ ಪಡೆಯಿರಿ. ಟ್ರಾವೆಲ್ ಇನ್ಶೂರೆನ್ಸ್ ಕ್ಲೇಮ್‌ಗೆ ಅದು ಬೇಕಾಗುತ್ತದೆ.

ನಿಯಮ ರಾತ್ರೋರಾತ್ರಿ ಬದಲಾಗಬಹುದು

2017ರ ಮಾರ್ಚ್‌ನಲ್ಲಿ ಅಮೆರಿಕ ಹೀಗೇ ಮಾಡಿತ್ತು. ದುಬೈ, ಅಬುಧಾಬಿ, ದೋಹಾ, ಕುವೈತ್ ಸೇರಿ 10 ವಿಮಾನ ನಿಲ್ದಾಣಗಳಿಂದ ನೇರ ಬರುವವರು ಫೋನಿಗಿಂತ ದೊಡ್ಡ ಸಾಧನವನ್ನು ಕ್ಯಾಬಿನ್‌ಗೆ ತರಬಾರದು ಅಂದಿತು. ಗಲ್ಫ್ ಮೂಲಕ ಅಮೆರಿಕಕ್ಕೆ ಹೋಗುವವರು ಕೆಲವು ತಿಂಗಳು ಲ್ಯಾಪ್‌ಟಾಪ್ ಅನ್ನು ಲಗೇಜ್‌ಗೇ ಹಾಕಬೇಕಾಯಿತು. ಜುಲೈ ಹೊತ್ತಿಗೆ ನಿಷೇಧ ಹೋಯಿತು. ಆದ್ದರಿಂದ ಹೋದ ವರ್ಷ ಹೋಗಿಬಂದವರ ಮಾತು ಕೇಳಿ ಸುಮ್ಮನಾಗಬೇಡಿ. ಹೊರಡುವ ಹಿಂದಿನ ದಿನ ಏರ್‌ಲೈನ್ಸ್ ವೆಬ್‌ಸೈಟ್‌ನಲ್ಲಿ ಬ್ಯಾಗೇಜ್ ಪುಟ ಒಮ್ಮೆ ತೆಗೆದು ಓದಿ. ಟ್ರಾನ್ಸಿಟ್ ಇದ್ದರೆ ಎರಡೂ ಏರ್‌ಲೈನ್ಸ್‌ನದ್ದು ನೋಡಿ.