ಸಂಬಳ ಸಮವಾದರೂ ಸೂರು ಸಮವಾಗಲಿಲ್ಲ



ಸರ್ಕಾರಿ ಶಾಲೆಯ ಮೇಷ್ಟರಾಗಿದ್ದ ನನಗೆ, ಊರು ಬಡವಾಗಿರಲಿ ಸಿರಿವಂತವಾಗಿರಲಿ, ಸಂಬಳ ಬರುತ್ತಿದ್ದುದು ರಾಜ್ಯದ ಖಜಾನೆಯಿಂದ. ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ನೆಲೆಸಿರುವ ಶಿಷ್ಯನೊಬ್ಬನು ಅಲ್ಲಿ ಹಾಗಿರಲಿಲ್ಲವೆಂದಾಗ, ಕುತೂಹಲದಿಂದ ಆ ಇತಿಹಾಸವನ್ನು ಓದಿದೆನು.

ಅಲ್ಲಿನ ಶಾಲೆಗಳು ಬಹುಪಾಲು ಆಯಾ ಊರಿನ ಮನೆ, ಜಮೀನುಗಳ ತೆರಿಗೆಯನ್ನೇ ನಂಬಿದ್ದವು. ಬೆಲೆಬಾಳುವ ಮನೆಗಳಿದ್ದ ಊರಿನ ಮಕ್ಕಳಿಗೆ ಹೆಚ್ಚು ಹಣ, ಬಡ ಊರಿನವರಿಗೆ ಕಡಿಮೆ. ತೆರಿಗೆ ಹೆಚ್ಚಿಸಲು ಊರವರು ಮತ ಹಾಕಿ ಒಪ್ಪಬೇಕಿತ್ತು. ಕಲ್ಕಾಸ್ಕಾ ಎಂಬಲ್ಲಿ ಜನ ಒಪ್ಪಲಿಲ್ಲ. ಹಣ ಸಾಲದೆ 1993ರ ಮಾರ್ಚಿನಲ್ಲಿ, ಅವಧಿಗೆ ಸುಮಾರು ಹತ್ತು ವಾರ ಮೊದಲೇ, ಶಾಲೆಗಳು ಬಾಗಿಲು ಹಾಕಿದವು.

ಅದೇ ಜುಲೈನಲ್ಲಿ ಶಾಸನಸಭೆಯು, ಬದಲಿ ದಾರಿಯನ್ನು ಗೊತ್ತುಮಾಡುವ ಮುನ್ನವೇ, ಶಾಲೆಗಳನ್ನು ನಡೆಸುತ್ತಿದ್ದ ಆ ಸ್ಥಳೀಯ ಆಸ್ತಿ ತೆರಿಗೆಯನ್ನು ರದ್ದುಗೊಳಿಸಿತು. 1994ರ ಮಾರ್ಚ್ 15ರಂದು ಜನರು ‘ಪ್ರೊಪೋಸಲ್ ಎ’ಗೆ ಸಮ್ಮತಿಯಿತ್ತರು. ಮಾರಾಟ ತೆರಿಗೆ ಶೇಕಡ 4ರಿಂದ 6ಕ್ಕೇರಿತು. ಹೊಣೆಯ ಹೆಚ್ಚಿನ ಪಾಲು ರಾಜ್ಯದ್ದಾಯಿತು. ಹಿಂದುಳಿದಿದ್ದ ಊರುಗಳಿಗೆ ತಲಾ ವಿದ್ಯಾರ್ಥಿಗೆ ಕನಿಷ್ಠ 4,200 ಡಾಲರ್ ದೊರೆಯುವಂತಾಯಿತು.

ಆದರೆ ಕಟ್ಟಡಗಳ ವೆಚ್ಚ ಮಾತ್ರ ಊರಿನ ತೆರಿಗೆಯ ಮೇಲೆಯೇ ಉಳಿಯಿತು. ಇದನ್ನು ಓದಿದಾಗ ನನಗೆ ನಮ್ಮ ಶಾಲೆಯ ಸೋರುವ ಮಾಡು ನೆನಪಾಯಿತು. ನನ್ನ ಸಂಬಳಕ್ಕೆ ಖಜಾನೆಯಿತ್ತು. ಹೆಂಚಿಗಾಗಿ ನಾನು ದಾನಿಗಳ ಮನೆ ಬಾಗಿಲಿಗೆ ಅಲೆದಿದ್ದೆ. ಅನುಕೂಲಸ್ಥರಿದ್ದ ಪಕ್ಕದೂರಿನಲ್ಲಿ ಹೊಸ ಕೊಠಡಿ ಎದ್ದಿತು. ನಮ್ಮ ಮಕ್ಕಳು ಮಳೆಗಾಲದಲ್ಲಿ ಮೂಲೆ ಸೇರಿದರು. ಮೇಷ್ಟರ ಸಂಬಳದಷ್ಟೇ ಮಕ್ಕಳ ಸೂರೂ ಎಲ್ಲರ ಹೊಣೆಯಲ್ಲವೇ?