ಕಾರಿನ ತಂಪಿನ ಹಿಂದಿನ ಕಥೆ

ಕಳೆದ ಬೇಸಗೆಯಲ್ಲಿ ಹಿರಿಯೂರಿನಿಂದ ಚಿತ್ರದುರ್ಗಕ್ಕೆ ಬರುವಾಗ ನನ್ನ ಹಳೆಯ ಕಾರಿನ ಏಸಿ ಬಿಸಿಗಾಳಿಯನ್ನೇ ಊದತೊಡಗಿತು. ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. ಕಾರಿನೊಳಗೆ ಮಾತ್ರ ಧಗೆ. ಮನೆಯಂಗಳದಲ್ಲಿ ಮುಂಬದಿಯ ಜಾಲರಿಯೊಳಗೆ ಇಣುಕಿದೆ. ಕಂಡೆನ್ಸರಿನ ತುಂಬ ಧೂಳು. ನೀರಿನ ಸಣ್ಣ ಧಾರೆಯಿಂದ ತೊಳೆದೆ. ಅಷ್ಟರಮಟ್ಟಿಗೆ ನಾನೂ ಮೆಕ್ಯಾನಿಕ್ಕೇ. ತಂಪು ಮರಳಲಿಲ್ಲ. ಕೊಳವೆಯ ಜೋಡಣೆಯೊಂದರ ಬಳಿ ಎಣ್ಣೆಯ ಪಸೆಯಿತ್ತು: ಅನಿಲ ಸೋರಿದ್ದರ ಗುರುತು. ಉಳಿದುದನ್ನು ಹೊರಬಿಟ್ಟು ಹೊಸದನ್ನು ತುಂಬಿಸೋಣವೆಂದು ಸ್ಪ್ಯಾನರ್ ಎತ್ತಿದವನ ಕೈಯನ್ನು ತಡೆದದ್ದು ಚರಿತ್ರೆ.

ಅಮೆರಿಕದ ಪ್ಯಾಕಾರ್ಡ್ ಸಂಸ್ಥೆ ಕಾರಿಗೆ ಏಸಿ ಅಳವಡಿಸಿ ತೋರಿಸಿದ್ದು 1939ರಲ್ಲಿ. ಮುಂದೆ ದಶಕಗಳ ಕಾಲ ಕಾರುಗಳನ್ನು ತಣಿಸಿದ ಆರ್-12 ಅನಿಲ ಉರಿಯದು, ವಿಷಕಾರಿಯಲ್ಲ. ಎಲ್ಲರೂ ಅದನ್ನು ಸಾಧುವೆಂದೇ ನಂಬಿದರು. ಅಂತಹ ಅನಿಲಗಳು ಮೇಲೇರಿ ಓಝೋನ್ ಪದರವನ್ನು ಕೊರೆಯುತ್ತವೆಂದು ಮೊಲಿನಾ ಮತ್ತು ರೋಲೆಂಡ್ 1974ರಲ್ಲಿ ಎಚ್ಚರಿಸಿದರು. 1987ರ ಮಾಂಟ್ರಿಯಲ್ ಒಪ್ಪಂದದ ತರುವಾಯ ಬಂದ ಆರ್-134ಎ ಓಝೋನಿಗೆ ನಿರಪಾಯಿ. ಆದರೆ ಭೂಮಿಯನ್ನು ಕಾಯಿಸುವುದರಲ್ಲಿ, ತೂಕಕ್ಕೆ ತೂಕ, ಇಂಗಾಲದ ಡೈಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಮಿಗಿಲು. ಅದನ್ನು ಕ್ರಮೇಣ ತಗ್ಗಿಸುವ 2016ರ ಕಿಗಾಲಿ ತಿದ್ದುಪಡಿಯನ್ನು ಭಾರತ 2021ರಲ್ಲಿ ಅಂಗೀಕರಿಸಿತು.

ನನ್ನ ಕಾರಿನಲ್ಲಿದ್ದುದೂ ಅದೇ ಅನಿಲ. ಸ್ಪ್ಯಾನರನ್ನು ಕೆಳಗಿಟ್ಟೆ. ಅನಿಲವನ್ನು ಯಂತ್ರದಿಂದ ಹೀರಿ ಹಿಡಿದಿಡುವ ವರ್ಕ್‌ಷಾಪನ್ನು ವಿಚಾರಿಸಿಕೊಂಡು, ಕಿಟಕಿಯ ಗಾಜುಗಳನ್ನು ಇಳಿಸಿ, ಹೊಳಲ್ಕೆರೆಯ ರಸ್ತೆ ಹಿಡಿದೆ.